ಮಣ್ಣಿನ ಗೋಡೆಗೆ ಸಿಮೆಂಟ್ ಯಾಕೆ ಆಗಲ್ಲ? ಸಾಂತಾ ಫೆ ಕಲಿಸಿದ ಪಾಠ

ಕಳೆದ ರಜೆಯಲ್ಲಿ ಅಕ್ಕ-ಭಾವನ ಮನೆಗೆ ಅಂತ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಹೋಗಿದ್ದೆ. ಅವರಿರುವ ಆಲ್ಬುಕರ್ಕಿಯಿಂದ ಕಾರಿನಲ್ಲಿ ಒಂದು ಗಂಟೆ ಉತ್ತರಕ್ಕೆ ಹೋದರೆ ಆ ರಾಜ್ಯದ ರಾಜಧಾನಿ ಸಾಂತಾ ಫೆ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದ, ಮಳೆ ಕಡಿಮೆ ಇರುವ ಮರುಭೂಮಿಯ ಊರು. 1610ರ ಸುಮಾರಿಗೆ ಸ್ಪೇನಿನವರು ಇದನ್ನು ರಾಜಧಾನಿ ಮಾಡಿಕೊಂಡರು. ಎಲ್ಲಿ ನೋಡಿದರೂ ಮಣ್ಣಿನ ಬಣ್ಣದ ಗೋಡೆ, ಚಪ್ಪಟೆ ಮಾಳಿಗೆ, ಗೋಡೆಯಿಂದ ಹೊರಗೆ ಚಾಚಿದ ಮರದ ತೊಲೆ. ನಂಗೆ ತಕ್ಷಣ ನೆನಪಾಗಿದ್ದು ಚಳ್ಳಕೆರೆ ಕಡೆ ಇರೋ ನಮ್ಮ ಅಜ್ಜಿ ಮನೆ!

ಅಡೋಬಿ ಅಂದ್ರೆ ಏನು?

ನಾವು ಹಸಿ ಇಟ್ಟಿಗೆ ಅಂತೀವಲ್ಲ, ಅದೇ. ಜೇಡಿ, ಮರಳು, ಹುಲ್ಲು, ನೀರು ಕಲಸಿ ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸ್ತಾರೆ, ಸುಡಲ್ಲ. ಅಲ್ಲಿ ರೂಢಿಯಲ್ಲಿರುವ ಅಳತೆ 14 × 10 × 4 ಇಂಚು. ಸ್ಪೇನಿನವರು ಬರುವ ಮೊದಲೇ ಅಲ್ಲಿನ ಮೂಲನಿವಾಸಿ ಪ್ವೆಬ್ಲೋ ಜನ ಕೈಯಿಂದಲೇ ಮಣ್ಣನ್ನು ವರಸೆ ವರಸೆಯಾಗಿ ಏರಿಸಿ ಗೋಡೆ ಕಟ್ಟುತ್ತಿದ್ದರು. ಅಚ್ಚಿನ ಇಟ್ಟಿಗೆ ಆಮೇಲೆ ಬಂತು. ಗೋಡೆ ದಪ್ಪ ಇರೋದರಿಂದ ಹಗಲಿನ ಬಿಸಿ ಒಳಗೆ ಬರೋಕೆ ಎಷ್ಟೋ ಗಂಟೆ ಹಿಡಿಯುತ್ತೆ. ಅಷ್ಟೊತ್ತಿಗೆ ರಾತ್ರಿ, ಹೊರಗೆ ಚಳಿ!

ಊರು ಸುತ್ತಿದಾಗ

ಊರ ನಡುವಿನ ಚೌಕದಲ್ಲಿ ಗವರ್ನರ್‌ಗಳ ಹಳೆಯ ಅರಮನೆ ಇದೆ. ಅದರ ಜಗಲಿಯಲ್ಲಿ ಮೂಲನಿವಾಸಿ ಕಲಾವಿದರು ತಾವೇ ಮಾಡಿದ ಮಡಿಕೆ, ಬೆಳ್ಳಿ ಒಡವೆ ಹರಡಿಕೊಂಡು ಕೂತಿರ್ತಾರೆ. ಕ್ಯಾನ್ಯನ್ ರೋಡ್ ತುಂಬಾ ಆರ್ಟ್ ಗ್ಯಾಲರಿಗಳು. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅವರ ಹೆಸರಿನ ಮ್ಯೂಸಿಯಂ 1997ರಲ್ಲಿ ಶುರುವಾಯಿತು.

ಒಂದು ವಿಷಯ ಮಾತ್ರ ಆಶ್ಚರ್ಯ ಆಯ್ತು. 1957ರ ಕಾನೂನಿನ ಪ್ರಕಾರ ಹಳೆ ಊರಿನ ಭಾಗದಲ್ಲಿ ಕಟ್ಟಡಗಳು ಹಳೆ ಶೈಲಿಯಲ್ಲೇ ಇರಬೇಕು. ಆದರೆ ಶೈಲಿ ಇದ್ದರೆ ಸಾಕು, ಒಳಗೆ ಮಣ್ಣೇ ಇರಬೇಕು ಅಂತಿಲ್ಲ. ಹಾಗಾಗಿ ಎಷ್ಟೋ ಹೊಸ ಕಟ್ಟಡಗಳು ಮರದ ಚೌಕಟ್ಟಿನ ಮೇಲೆ ಕಂದು ಗಾರೆ ಬಳಿದವು. ಒಂದು ಗೋಡೆ ತಟ್ಟಿ ನೋಡಿದೆ, ಟೊಳ್ಳು ಸದ್ದು ಬಂತು.

ಸಿಮೆಂಟ್ ಮಾಡಿದ ಎಡವಟ್ಟು

ಅಲ್ಲಿಂದ ಇನ್ನೂ ಉತ್ತರಕ್ಕೆ, ರಾಂಚೋಸ್ ದೆ ತಾವೋಸ್ ಅನ್ನೋ ಊರಲ್ಲಿ 200 ವರ್ಷ ಹಳೆಯ ಮಣ್ಣಿನ ಚರ್ಚ್ ಇದೆ. ಓಕೀಫ್ ಅದರ ಹಿಂಭಾಗವನ್ನು ಹಲವು ಸಲ ಚಿತ್ರಿಸಿದ್ದಾರೆ. ವರ್ಷ ವರ್ಷ ಮಣ್ಣು ಮೆತ್ತೋ ಕೆಲಸ ತಪ್ಪಲಿ ಅಂತ 1967ರಲ್ಲಿ ಅದಕ್ಕೆ ಸಿಮೆಂಟ್ ಗಾರೆ ಮಾಡಿದರು. ಸಿಮೆಂಟ್ ಸಣ್ಣದಾಗಿ ಬಿರುಕು ಬಿಡುತ್ತೆ, ಬಿರುಕಿನಿಂದ ನೀರು ಒಳಗೆ ಇಳಿಯುತ್ತೆ. ಮಣ್ಣಿನ ಗಾರೆ ಆಗಿದ್ದರೆ ಆ ತೇವ ಬಿಸಿಲಿಗೆ ಆರಿಹೋಗ್ತಿತ್ತು. ಸಿಮೆಂಟ್ ಅದನ್ನು ಹೊರಗೆ ಬಿಡಲ್ಲ. ಹೊರಗಿನಿಂದ ಗೋಡೆ ಗಟ್ಟಿಯಾಗೇ ಕಾಣುತ್ತೆ, ಒಳಗಿನ ಇಟ್ಟಿಗೆ ಕೆಸರಾಗ್ತಾ ಇರುತ್ತೆ. ಕೊನೆಗೆ 1979ರಲ್ಲಿ ಸಿಮೆಂಟ್ ಎಲ್ಲಾ ಕಿತ್ತು ಮತ್ತೆ ಮಣ್ಣು ಮೆತ್ತಿದರು. ಇವತ್ತಿಗೂ ಪ್ರತಿ ವರ್ಷ ಊರಿನವರೆಲ್ಲ ಸೇರಿ ಅದನ್ನು ಮಾಡ್ತಾರೆ.

ಇದನ್ನು ತಿಳಿದಾಗ ನನಗೆ ಹೊಟ್ಟೆಯೊಳಗೆ ಒಂಥರಾ ಆಯ್ತು. ಮೂರು ವರ್ಷದ ಹಿಂದೆ ಅಪ್ಪ, ಚಿಕ್ಕಪ್ಪ ಸೇರಿ ಅಜ್ಜಿ ಮನೆಗೂ ಸಿಮೆಂಟ್ ಮಾಡಿಸಿದ್ದರು. ಊರಿಗೆ ಹೋಗಿ ಗೋಡೆಯ ಬುಡ ತಟ್ಟಿದೆ. ಅದೇ ಟೊಳ್ಳು ಸದ್ದು. ಒಂದು ಕಡೆ ಗಾರೆ ಕೈಗೇ ಕಿತ್ತು ಬಂತು, ಹಿಂದಿನ ಮಣ್ಣು ಒದ್ದೆ.

ಆದ್ರೆ ಅಪ್ಪನದು ತಪ್ಪು ಅಂತ ಹೇಳೋಕೂ ಆಗಲ್ಲ. ಪ್ರತಿ ವರ್ಷ ಮಣ್ಣು ಕಲಸಿ ಮೆತ್ತುತ್ತಿದ್ದಿದ್ದು ಅಜ್ಜಿ ಒಬ್ಬರೇ. ಅವರ ಮೊಣಕಾಲು ನೋವು ನೋಡೋಕಾಗದೆ ಸಿಮೆಂಟ್ ಮಾಡಿಸಿದ್ದು. ಮಣ್ಣಿನ ಮನೆ ಉಳೀಬೇಕು ಅಂದ್ರೆ ವರ್ಷಕ್ಕೊಮ್ಮೆ ಕೈಗಳು ಬೇಕು. ಆ ಊರಿನಲ್ಲಿ ಎಲ್ಲರೂ ಬರ್ತಾರೆ, ನಮ್ಮನೆಯಲ್ಲಿ ನಾವು ಯಾರೂ ಹೋಗಿರಲಿಲ್ಲ.

ಬುಡದ ಸಿಮೆಂಟ್ ಕಿತ್ತು ಮತ್ತೆ ಮಣ್ಣು ಮೆತ್ತೋಣ ಅಂತ ಅಜ್ಜಿಗೆ ಹೇಳಿದೆ. "ಮಣ್ಣು ತುಳಿಯೋಕೆ ನೀನ್ ಬರ್ತೀಯೇನೋ?" ಅಂದ್ರು. ಬರ್ತೀನಿ ಅಂದಿದ್ದೀನಿ. ಸೆಮಿಸ್ಟರ್ ಪರೀಕ್ಷೆ ಮುಗಿದ ವಾರವೇ ಕೆಲಸ ಶುರು. ಸಿವಿಲ್‌ನವರು ಯಾರಾದ್ರೂ ಬರೋರಿದ್ರೆ ಹೇಳಿ. ಊಟ ಅಜ್ಜಿದು.