ನಮ್ಮ ಶಾಲಾ ಬ್ಯಾಂಡಿಗೆ ಯಾವ ಕ್ಲಾರಿನೆಟ್ ಬೇಕು?



ನಮ್ಮ ಶಾಲೆಗೆ ಒಂದು ಬ್ಯಾಂಡ್ ಆಗಬೇಕೆಂಬ ಮಾತು ಈಗ ಊರಲ್ಲೆಲ್ಲ ನಡೆದಿದೆ. ಡ್ರಮ್ ಮತ್ತು ಬ್ಯೂಗಲ್ ಹೇಗೂ ಇವೆ. ರಾಗ ನುಡಿಸುವ ವಾದ್ಯ ಬೇಕು, ಅದು ಕ್ಲಾರಿನೆಟ್ ಆಗಲಿ, ಆರು ತರಿಸೋಣ ಎಂದು ಹಿರಿಯರು ಹೇಳುತ್ತಿದ್ದಾರೆ. ಸಂತೋಷವೇ. ಆದರೆ ಈ ಹಣ ಕೊಡುವವರು ನಮ್ಮ ಪಾಲಕರು. ಮೀನು ಮಾರಿದ ದುಡ್ಡು, ಗದ್ದೆಯ ದುಡ್ಡು, ಮಾವಿನಕಾಯಿಯ ದುಡ್ಡು ಅದರಲ್ಲಿ ಸೇರುತ್ತದೆ. ತಪ್ಪು ವಾದ್ಯ ತಂದರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಮತ್ತೊಮ್ಮೆ ಕೇಳಿದರೆ ಯಾರೂ ಕೊಡುವುದಿಲ್ಲ.

"ಕ್ಲಾರಿನೆಟ್ ಅಂದ್ರೆ ಕ್ಲಾರಿನೆಟ್ಟೇ, ಅದರಲ್ಲಿ ಆರಿಸೂದೆಂತದು?" ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಹಲವು ಬಗೆಗಳಿವೆ. ಆದ್ದರಿಂದ ಈ ಸಲದ ಗೋಡೆಪತ್ರಿಕೆಯಲ್ಲಿ ಈ ಪಾಠ.

ಕ್ಲಾರಿನೆಟ್ ಎಂದರೇನು?

ಇದು ಬಾಯಿಂದ ಊದುವ ಕೊಳವೆ ವಾದ್ಯ. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬವನು ಸುಮಾರು 1700ರ ಹೊತ್ತಿಗೆ ಇದನ್ನು ರೂಪಿಸಿದನು. ಮೂತಿಗೆ ಒಂದು ತೆಳು ಪಟ್ಟಿ ಕಟ್ಟಿರುತ್ತಾರೆ. ಅದೇ ರೀಡ್. ಬಿದಿರಿನಂತೆ ಕಾಣುವ ಒಂದು ಜಾತಿಯ ಜೊಂಡನ್ನು ಸೀಳಿ, ಹೆರೆದು ಅದನ್ನು ಮಾಡುತ್ತಾರೆ. ನಾವು ಊದಿದಾಗ ರೀಡ್ ಅದುರಿ ನಾದ ಹುಟ್ಟುತ್ತದೆ. ನಾಗಸ್ವರಕ್ಕೂ ಶಹನಾಯಿಗೂ ಜೋಡಿ ಪಟ್ಟಿಯ ಪೀಪಿ ಇರುತ್ತದೆ, ಕ್ಲಾರಿನೆಟ್‌ಗೆ ಒಂದೇ ಪಟ್ಟಿ. ಹಾರ್ಮೋನಿಯಂ ಒಳಗಿನ ರೀಡ್ ಲೋಹದ್ದು, ಅದು ಬೇರೆ.

ಇದು ಬರೀ ಇಂಗ್ಲಿಷ್ ವಾದ್ಯ ಎಂದು ತಿಳಿಯಬೇಡಿ. ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅವರು ಕ್ಲಾರಿನೆಟ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿ 2008ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದರು. ನಮ್ಮ ಕರಾವಳಿಯವರೇ ಆದ ಕದ್ರಿ ಗೋಪಾಲನಾಥರು (1949-2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದನ್ನು ಕಲಿತು ಕಛೇರಿಯ ವಾದ್ಯ ಮಾಡಿದರು. ಬ್ಯಾಂಡಿನ ವಾದ್ಯದಲ್ಲೂ ನಮ್ಮ ರಾಗ ಬರುತ್ತದೆ ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ.

ವಿಜ್ಞಾನದ ಒಂದು ಮಾತು

ಕೊಳಲು ಎರಡೂ ಕಡೆ ತೆರೆದ ಕೊಳವೆಯಂತೆ ಕೆಲಸ ಮಾಡುತ್ತದೆ. 'ಸ' ಹಿಡಿದು ಜೋರಾಗಿ ಊದಿದರೆ ಮೇಲಿನ 'ಸ' ಬರುತ್ತದೆ. ಕ್ಲಾರಿನೆಟ್‌ನ ಒಂದು ತುದಿ ಮುಚ್ಚಿದ ಲೆಕ್ಕ, ಕೊಳವೆಯೂ ಉದ್ದಕ್ಕೆ ಹೆಚ್ಚುಕಡಿಮೆ ಒಂದೇ ಅಗಲ. ಆದ್ದರಿಂದ ಅದರಲ್ಲಿ 1, 3, 5 ಹೀಗೆ ಬೆಸ ಸಂಖ್ಯೆಯ ಕಂಪನಗಳೇ ಮುಖ್ಯ. ಹಿಂಭಾಗದ ರಿಜಿಸ್ಟರ್ ಕೀ ಒತ್ತಿದರೆ 'ಸ' ಇದ್ದದ್ದು ಮೇಲಿನ 'ಸ' ಆಗದೆ, ಅದಕ್ಕೂ ಮೇಲಿನ 'ಪ' ಆಗುತ್ತದೆ. ಕೊಳಲು ಬಲ್ಲವರಿಗೆ ಮೊದಲು ಕಷ್ಟವಾಗುವುದು ಇಲ್ಲೇ. ಕೆಳಗಿನ ಭಾಗದಿಂದ ಮೇಲಿನ ಭಾಗಕ್ಕೆ ದಾಟುವಾಗ, ಬೆರಳೆಲ್ಲ ಎತ್ತಿದ್ದವರು ಒಮ್ಮೆಗೇ ಎಲ್ಲ ತೂತು ಮುಚ್ಚಬೇಕು. ಒಂದು ಬೆರಳು ಜಾರಿದರೂ 'ಕೀಂ' ಎಂದು ಕಿರುಚುತ್ತದೆ.

ಕ್ಲಾರಿನೆಟ್ ಕುಟುಂಬ

ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳಿದರೆ ನಮಗೆ ಬೇಗ ತಿಳಿಯುತ್ತದೆ. ಪ್ರತಿ ವಾದ್ಯದಲ್ಲೂ 'ಸಿ' ಎಂಬ ಒಂದೇ ಬೆರಳು ಹಿಡಿದರೆ ಬರುವ ಸ್ವರ ಹೀಗೆ:

1. ಬಿ ಫ್ಲ್ಯಾಟ್ ಕ್ಲಾರಿನೆಟ್: ಕಪ್ಪು 5. ಉದ್ದ ಸುಮಾರು 66 ಸೆಂ.ಮೀ. ಎಲ್ಲ ಬ್ಯಾಂಡುಗಳಲ್ಲೂ ಹೆಚ್ಚಾಗಿ ಇರುವುದು ಇದೇ.
2. ಎ ಕ್ಲಾರಿನೆಟ್: ಬಿಳಿ 6. ಬಿ ಫ್ಲ್ಯಾಟ್‌ಗಿಂತ ಅರ್ಧ ಸ್ವರ ಕೆಳಗೆ. ಪಿಟೀಲು ಗುಂಪಿರುವ ದೊಡ್ಡ ಆರ್ಕೆಸ್ಟ್ರಾಗಳಿಗೆ.
3. ಸಿ ಕ್ಲಾರಿನೆಟ್: ಬಿಳಿ 1. ಬಿ ಫ್ಲ್ಯಾಟ್‌ಗಿಂತ ತುಸು ಗಿಡ್ಡ. ಅಂಗಡಿಯಲ್ಲಿ ಸಿಗುವುದು ಕಡಿಮೆ.
4. ಇ ಫ್ಲ್ಯಾಟ್ ಕ್ಲಾರಿನೆಟ್: ಕಪ್ಪು 2. ಉದ್ದ ಅರ್ಧ ಮೀಟರಿಗಿಂತ ತುಸು ಕಡಿಮೆ. ಸ್ವರ ಚೂಪು, ದೂರ ಕೇಳುತ್ತದೆ.
5. ಆಲ್ಟೊ ಕ್ಲಾರಿನೆಟ್: ಇದೂ ಇ ಫ್ಲ್ಯಾಟ್, ಆದರೆ ಕೆಳಗಿನ ಸ್ಥಾಯಿ. ಎಷ್ಟೋ ಬ್ಯಾಂಡುಗಳು ಇದನ್ನು ಬಿಟ್ಟೇ ನಡೆಸುತ್ತವೆ.
6. ಬೇಸ್ ಕ್ಲಾರಿನೆಟ್: ಇದೂ ಬಿ ಫ್ಲ್ಯಾಟ್, ಒಂದು ಸ್ಥಾಯಿ ಕೆಳಗೆ. ಒಂದು ಮೀಟರಿಗಿಂತ ಉದ್ದ, ಭಾರ, ಬೆಲೆಯೂ ಬಲು ಹೆಚ್ಚು.

ಒಂದು ಒಳ್ಳೆಯ ಸಂಗತಿ ಎಂದರೆ ಇವೆಲ್ಲಕ್ಕೂ ಬೆರಳಾಟ ಬಹುಮಟ್ಟಿಗೆ ಒಂದೇ. ಬಿ ಫ್ಲ್ಯಾಟ್ ಕಲಿತವರು ಮುಂದೆ ಬೇರೆಯದನ್ನೂ ಹಿಡಿಯಬಹುದು.

'ಒಂದೊಂದು ಜಾತಿ ಒಂದೊಂದು' ಯಾಕೆ ಬೇಡ?

"ಆರು ಬಗೆ ಉಂಟಲ್ಲ, ಒಂದೊಂದು ತರಿಸುವ, ಚಂದ ಕಾಣ್ತದೆ" ಎಂಬ ಸಲಹೆ ಬಂದಿದೆ. ಫೋಟೋದಲ್ಲಿ ಚಂದ ಕಾಣುವುದು ಖರೆ. ಆದರೆ ಲೆಕ್ಕ ಹಾಕಿ ನೋಡಿ. ಬಿ ಫ್ಲ್ಯಾಟ್‌ನವರೂ ಇ ಫ್ಲ್ಯಾಟ್‌ನವರೂ ಒಂದೇ 'ಸಿ' ಬೆರಳು ಹಿಡಿದು ಊದಿದರೆ ಒಬ್ಬರದು ಕಪ್ಪು 5, ಇನ್ನೊಬ್ಬರದು ಕಪ್ಪು 2. ಅಂದರೆ ಒಬ್ಬರು 'ಸ' ಎಂದರೆ ಇನ್ನೊಬ್ಬರು 'ಮ' ಎಂದಂತೆ. ಹಾಡು ಎರಡು ಕಡೆ ಹೋಗುತ್ತದೆ. ಕೂಡಿ ನುಡಿಸಬೇಕಾದರೆ ಬಿ ಫ್ಲ್ಯಾಟ್‌ನವರು 'ಸಿ' ಹಿಡಿದಾಗ ಇ ಫ್ಲ್ಯಾಟ್‌ನವರು 'ಜಿ' ಹಿಡಿಯಬೇಕು. ಪ್ರತಿ ಹಾಡನ್ನೂ ಬೇರೆ ಬೇರೆ ಬರೆದು ಕೊಡಬೇಕು. ಕಲಿಸುವವರು ಒಬ್ಬರೇ ಇರುವಲ್ಲಿ ಇದು ಆಗುವ ಕೆಲಸವಲ್ಲ.

ಇನ್ನೂ ಒಂದು ಮಾತು. ಇ ಫ್ಲ್ಯಾಟ್, ಬಿ ಫ್ಲ್ಯಾಟ್, ಬೇಸ್ ಇವುಗಳ ರೀಡ್ ಅಳತೆಯೂ ಮೂತಿಯೂ ಬೇರೆ ಬೇರೆ. ಒಂದರ ರೀಡ್ ಮುರಿದರೆ ಇನ್ನೊಂದರದ್ದು ನಡೆಯುವುದಿಲ್ಲ. ಆರೂ ಒಂದೇ ಬಗೆಯಾದರೆ ಒಂದೇ ಡಬ್ಬಿ ರೀಡ್ ಎಲ್ಲರಿಗೂ ಆಗುತ್ತದೆ. ಒಂದು ವಾದ್ಯ ರಿಪೇರಿಗೆ ಹೋದರೂ ಬ್ಯಾಂಡ್ ನಿಲ್ಲುವುದಿಲ್ಲ.

"ಸಣ್ಣ ಮಕ್ಕಳಿಗೆ ಸಣ್ಣ ವಾದ್ಯ, ಇ ಫ್ಲ್ಯಾಟ್ ಕೊಡಿ" ಎಂಬುದು ಇನ್ನೊಂದು ಸಲಹೆ. ಕೇಳಲಿಕ್ಕೆ ಸರಿಯೆನಿಸುತ್ತದೆ, ಆದರೆ ಹಾಗಲ್ಲ. ಅದಕ್ಕೆ ತುಟಿಯ ಬಿಗಿ ಹೆಚ್ಚು ಬೇಕು. ಶ್ರುತಿ ಬೇಗ ಏರಿಳಿಯುತ್ತದೆ. ಬ್ಯಾಂಡಿನಲ್ಲಿ ಒಬ್ಬರೇ ಇರುವುದರಿಂದ ತಪ್ಪಿದರೆ ಊರಿಗೆಲ್ಲ ಕೇಳುತ್ತದೆ. ಅದು ಪಳಗಿದವರ ವಾದ್ಯ. ಆರನೇ ತರಗತಿಯ ಮಗುವಿನ ಕೈಗೆ ಕೊಟ್ಟು ಆಮೇಲೆ ನಗುವುದು ನ್ಯಾಯವಲ್ಲ.

ಹಾಗಾದರೆ ಯಾವುದು?

ಮೊದಲ ವರ್ಷ ಆರೂ ಬಿ ಫ್ಲ್ಯಾಟ್ ಆಗಲಿ. ಇದೊಂದರಲ್ಲೇ ಮೂರು ಸ್ಥಾಯಿಗೂ ಮಿಕ್ಕಿ ಸ್ವರಗಳಿವೆ. ಇಬ್ಬರು ಮೇಲಿನ ಸ್ವರ, ಇಬ್ಬರು ನಡುವಿನದು, ಇಬ್ಬರು ಕೆಳಗಿನದು ಹಿಡಿದರೆ ಒಂದೇ ಬಗೆಯಲ್ಲಿ ಮೂರು ಪದರ ಆಗುತ್ತದೆ. ನೌಕಾದಳದ ಬ್ಯಾಂಡ್ ನೋಡಿದವರು ಗಮನಿಸಿರಬಹುದು, ಕ್ಲಾರಿನೆಟ್‌ನವರು ಒಬ್ಬಿಬ್ಬರಲ್ಲ, ಒಂದು ಗುಂಪೇ ಇರುತ್ತದೆ.

ರಾಷ್ಟ್ರಗೀತೆಯನ್ನೇ ತೆಗೆದುಕೊಳ್ಳಿ. 52 ಸೆಕೆಂಡಿನ ಹಾಡು. ಕೆಳಗಿನ 'ನಿ'ಯಿಂದ ಮೇಲಿನ 'ಸ' ತನಕ ಅದರ ವ್ಯಾಪ್ತಿ. ಬಿ ಫ್ಲ್ಯಾಟ್‌ನಲ್ಲಿ ತಳದ 'ಜಿ' ಬೆರಳನ್ನು 'ಸ' ಎಂದು ಇಟ್ಟುಕೊಂಡರೆ, ಬೆರಳೆಲ್ಲ ಎತ್ತಿದಾಗ ಬರುವ 'ಜಿ'ಯೇ ಮೇಲಿನ 'ಸ'. ರಿಜಿಸ್ಟರ್ ಕೀ ಮುಟ್ಟದೇ, ಆ ಕಷ್ಟದ ದಾಟು ದಾಟದೇ ಹಾಡು ಮುಗಿಯುತ್ತದೆ. ಹಾರ್ಮೋನಿಯಂನಲ್ಲಿ ಇದು ಬಿಳಿ 4ರ ಶ್ರುತಿ. ಮನಸ್ಸಿಟ್ಟು ಕಲಿತರೆ ಮೊದಲ ವರ್ಷದ ಮಕ್ಕಳಿಗೂ ಎಟಕುವಂಥದು.

ನಮ್ಮ ಕಡೆಯ ಎಷ್ಟೋ ಹಾಡುಗಳೂ ಹೀಗೇ ಕೆಲವೇ ಸ್ವರಗಳೊಳಗೆ ಇವೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಪಡೆದರು, 2025ರಲ್ಲಿ ತೀರಿಕೊಂಡರು. ಅಂಥ ಹಾಡಿನ ಒಂದು ಧಾಟಿಯನ್ನು ಬಲ್ಲವರ ಬಳಿ ಕೇಳಿ ಕಲಿತು, ಪಕ್ಕದಲ್ಲಿ ಗುಮಟೆ ಇಟ್ಟು ನುಡಿಸಿದರೆ ನಮ್ಮ ಬ್ಯಾಂಡ್ ನಮ್ಮ ಊರಿನದೇ ಆಗುತ್ತದೆ.

ಎರಡನೇ ಹಂತದಲ್ಲಿ, ಬ್ಯಾಂಡ್ ಹತ್ತು ಹನ್ನೆರಡು ಜನರದ್ದಾಗಿ ದಾನಿಗಳೂ ಸಿಕ್ಕರೆ, ಒಂದು ಬೇಸ್ ಸೇರಿಸಬಹುದು. ಚೆನ್ನಾಗಿ ಪಳಗಿದ ಒಬ್ಬರು ತಯಾರಾದರೆ ಒಂದು ಇ ಫ್ಲ್ಯಾಟ್. ಎ ಮತ್ತು ಆಲ್ಟೊ ನಮಗೆ ಬೇಕಿಲ್ಲ.

ಕೊಳ್ಳುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ

ಒಂದು: ಕಲಿಸುವವರು ಯಾರು? ಕೀಲಿಗಳ ಜೋಡಣೆಯಲ್ಲಿ ಎರಡು ಪದ್ಧತಿಗಳಿವೆ. ಹಳೆಯದು ಆಲ್ಬರ್ಟ್ ಪದ್ಧತಿ. ಇನ್ನೊಂದು 1840ರ ಆಸುಪಾಸಿನಲ್ಲಿ ಪ್ಯಾರಿಸ್‌ನಲ್ಲಿ ಕ್ಲೋಸೆ ಮತ್ತು ಬುಫೆ ರೂಪಿಸಿದ ಬೋಮ್ ಪದ್ಧತಿ. ಎರಡಕ್ಕೂ ಬೆರಳಾಟ ಬೇರೆ. ಮದುವೆಗೆ, ಚರ್ಚಿನ ಹಬ್ಬಕ್ಕೆ ನುಡಿಸುವ ಬ್ಯಾಂಡಿನ ಹಿರಿಯರೊಬ್ಬರು ಕಲಿಸುವುದಾದರೆ ಅವರಿಗೆ ಯಾವುದು ಬರುತ್ತದೆ ಎಂದು ಮೊದಲು ಕೇಳಬೇಕು. ಆರೂ ಅದೇ ಪದ್ಧತಿಯಾಗಿರಬೇಕು.

ಎರಡು: ಶ್ರುತಿ ಎಷ್ಟು? ಈಗಿನ ಲೆಕ್ಕ ಎ = 440. ಹಳೆಯ ಬ್ರಿಟಿಷ್ ಮಿಲಿಟರಿ ಬ್ಯಾಂಡುಗಳ ವಾದ್ಯ ಸುಮಾರು 452ರಲ್ಲಿ ಇರುತ್ತಿತ್ತು. ಅಂಥದ್ದು ಅಗ್ಗಕ್ಕೆ ಸಿಕ್ಕರೂ ಉಳಿದವುಗಳ ಜೊತೆ ಎಂದೂ ಕೂಡುವುದಿಲ್ಲ. ಹಳೇ ಮಾಲು ಕೊಳ್ಳುವಾಗ ಶ್ರುತಿ ಸರಿಯಿರುವ ಹಾರ್ಮೋನಿಯಂ ಒಯ್ದು ತಾಳೆ ನೋಡಿ.

ಮೂರು: ಮರವೋ, ಪ್ಲಾಸ್ಟಿಕ್ಕೋ? ಒಳ್ಳೆಯ ಕ್ಲಾರಿನೆಟ್ ಆಗುವುದು ಆಫ್ರಿಕಾದ ಕರಿಮರದಿಂದ. ಅದು ನಮ್ಮ ಕಾಡಿನ ಬೀಟೆಯ ದಾಯಾದಿ, ಎರಡೂ ಡಾಲ್ಬರ್ಜಿಯಾ ಕುಲದವು. ನಾದ ಚಂದ. ಆದರೆ ಸೆಖೆ ಮತ್ತು ತೇವ ಏರಿಳಿದರೆ ಮರ ಸೀಳು ಬಿಡಬಹುದು. ಕಾರವಾರದ ಕಡೆ ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ. ಶಾಲೆಗೆ ಎಬಿಎಸ್ ಪ್ಲಾಸ್ಟಿಕ್ಕಿನದೇ ವಾಸಿ.

ನಾಲ್ಕು: ರಿಪೇರಿ ಎಲ್ಲಿ? ನಮ್ಮ ದೇಶದಲ್ಲಿ ಬ್ಯಾಂಡ್ ವಾದ್ಯಕ್ಕೆ ಹೆಸರಾದ ಊರು ಉತ್ತರ ಪ್ರದೇಶದ ಮೇರಠ್. ಅಲ್ಲಿಂದ ತರಿಸುವುದಾದರೆ ಪ್ಯಾಡ್, ಸ್ಪ್ರಿಂಗ್, ಕಾರ್ಕ್ ಇವನ್ನೂ ಮೊದಲೇ ಜೊತೆಗೆ ತರಿಸಿಕೊಳ್ಳಬೇಕು. ಒಂದು ಪ್ಯಾಡ್ ಹರಿದರೆ ಸ್ವರವೇ ಹೊರಡುವುದಿಲ್ಲ.

ಯಾರಿಗೆ ಕೊಡುವುದು?

ಜೋರಾಗಿ ಕೇಳಿದವರಿಗೆ ಕೊಡುವುದಲ್ಲ. ಮೂರು ಪರೀಕ್ಷೆ ಸಾಕು. ಮೇಲಿನ ಎದುರು ಹಲ್ಲುಗಳು ಗಟ್ಟಿ ಬಂದಿವೆಯೇ? ಬೆರಳ ತುದಿಗಳಿಂದ ತೂತುಗಳು ಪೂರ್ತಿ ಮುಚ್ಚುತ್ತವೆಯೇ? ಬಲ ಹೆಬ್ಬೆರಳು ಮುಕ್ಕಾಲು ಕಿಲೋ ಭಾರ ಹೊರುತ್ತದೆಯೇ? (ಕುತ್ತಿಗೆಗೆ ಪಟ್ಟಿ ಹಾಕಿದರೆ ಭಾರ ಕಡಿಮೆಯಾಗುತ್ತದೆ.) ಈ ಮೂರರಲ್ಲಿ ಹುಡುಗ ಹುಡುಗಿ ಎಂಬ ಭೇದ ಎಲ್ಲೂ ಇಲ್ಲ. ಆರರಲ್ಲಿ ಮೂರು ಹುಡುಗಿಯರ ಕೈಯಲ್ಲಿ ಇರಲೆಂದು ಅಕ್ಕೋರಲ್ಲೂ ಮಾಸ್ತರರಲ್ಲೂ ನಮ್ಮ ವಿನಂತಿ.

ಜೋಪಾನ

ನುಡಿಸಿದ ಮೇಲೆ ಒಳಗಿನ ತೇವವನ್ನು ಹಳೇ ಪಂಚೆಯ ಮೆತ್ತನೆ ಬಟ್ಟೆಯಿಂದ ಎಳೆದು ಒರೆಸಬೇಕು. ರೀಡ್ ಬಿಚ್ಚಿ ಒಣಗಿಸಬೇಕು. ಕಲಿಯುವವರಿಗೆ ಒಂದೂವರೆ ಅಥವಾ ಎರಡನೇ ನಂಬರಿನ ರೀಡ್ ಸರಿ. ಒಬ್ಬರ ರೀಡ್ ಇನ್ನೊಬ್ಬರು ಬಾಯಿಗೆ ಇಡಬಾರದು. ಮೂತಿಯನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು, ಕುದಿನೀರು ಬೇಡ. ಕಾರ್ಕಿಗೆ ಕಾರ್ಕ್ ಗ್ರೀಸ್ ಹಚ್ಚಿ, ತೆಂಗಿನೆಣ್ಣೆ ಬೇಡ. ಸಮುದ್ರದ ಉಪ್ಪುಗಾಳಿ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತದೆ, ಆದ್ದರಿಂದ ಪೆಟ್ಟಿಗೆ ಮುಚ್ಚಿಯೇ ಇರಲಿ.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ತಾಲೂಕು ನಮ್ಮದು. ಆಗಸ್ಟ್ 15ರ ಪ್ರಭಾತಫೇರಿಯಲ್ಲಿ ಆರು ಮಕ್ಕಳು ಒಂದೇ ಶ್ರುತಿಯಲ್ಲಿ ನುಡಿಸಿದರೆ, ಹಣ ಕೊಟ್ಟ ಪಾಲಕರಿಗೆ ಅದಕ್ಕಿಂತ ದೊಡ್ಡ ರಶೀದಿ ಬೇಡ.

ಉತ್ತರಿಸಿ ನೋಡಿ

1. ಕೊಳಲಿನಲ್ಲಿ 'ಸ' ಹಾರಿ ಮೇಲಿನ 'ಸ' ಆಗುತ್ತದೆ. ಕ್ಲಾರಿನೆಟ್‌ನಲ್ಲಿ ಏನಾಗುತ್ತದೆ? ಯಾಕೆ?
2. ಹಾರ್ಮೋನಿಯಂನ ಕಪ್ಪು 5 ಬೇಕಾದರೆ ಇ ಫ್ಲ್ಯಾಟ್ ಕ್ಲಾರಿನೆಟ್‌ನವರು ಯಾವ ಬೆರಳು ಹಿಡಿಯಬೇಕು?
3. ಅಗ್ಗಕ್ಕೆ ಸಿಕ್ಕ ಹಳೆಯ ಕ್ಲಾರಿನೆಟ್ ಕೊಳ್ಳುವ ಮೊದಲು ನೀವು ನೋಡುವ ಎರಡು ಸಂಗತಿ ಯಾವುವು?

ಉತ್ತರ ಬರೆದ ಚೀಟಿಯನ್ನು ಗೋಡೆಪತ್ರಿಕೆಯ ಕೆಳಗಿನ ಡಬ್ಬಿಯಲ್ಲಿ ಹಾಕಿರಿ.