ಶೌಚಾಲಯದಲ್ಲಿ ಗಡಸು ನೀರಿನ ಕಲೆ: ಕಾರಣ, ನಿವಾರಣಾ ಕ್ರಮ ಮತ್ತು ಸ್ವಚ್ಛತಾಗಾರರ ಸುರಕ್ಷತೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಶಾಲೆ, ಅಂಗನವಾಡಿ ಹಾಗೂ ಸಮುದಾಯ ಶೌಚಾಲಯಗಳನ್ನು ಪರಿಶೀಲಿಸುವಾಗ ತಾವು ಒಂದು ಸಂಗತಿಯನ್ನು ಗಮನಿಸಿರಬಹುದು. ಪ್ರತಿದಿನ ತೊಳೆದರೂ ಕೆಲವು ಬೇಸಿನ್‌ಗಳಲ್ಲಿ ನೀರು ಹರಿಯುವ ಜಾಡಿನುದ್ದಕ್ಕೂ ಹಳದಿ, ಬೂದು ಅಥವಾ ಕಂದು ಬಣ್ಣದ ಪಟ್ಟಿ ಉಳಿದಿರುತ್ತದೆ. ಅದನ್ನು ಕಂಡವರು ಇಲ್ಲಿ ಯಾರೂ ತೊಳೆಯುತ್ತಿಲ್ಲವೆಂದು ಭಾವಿಸುತ್ತಾರೆ. ದೂರು ಸ್ವಚ್ಛತಾಗಾರರ ಮೇಲೆ ಬರುತ್ತದೆ. ದೂರಿಗೆ ಅಂಜಿದ ಅವರು ತೀಕ್ಷ್ಣವಾದ ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿ ಎರಚುವ ಅಪಾಯಕ್ಕೂ ಇಳಿಯಬಹುದು. ಅತ್ತ, ಗಲೀಜಾಗಿ ಕಾಣುವ ಶೌಚಾಲಯವನ್ನು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಳಸಲು ಹಿಂಜರಿಯುತ್ತಾರೆ. ಹೀಗೆ ಒಂದು ಕಲೆಯ ಕಾರಣದಿಂದ ಕೆಲಸಗಾರರ ಆರೋಗ್ಯಕ್ಕೂ ಶೌಚಾಲಯದ ಬಳಕೆಗೂ ಧಕ್ಕೆಯಾಗುತ್ತದೆ.

ಈ ಕಲೆಯು ಕೊಳೆಯಲ್ಲ, ಕಲ್ಲು. ಕೊಳೆಯನ್ನು ಉಜ್ಜಿ ತೆಗೆಯಬಹುದು, ಕಲ್ಲನ್ನು ಕರಗಿಸಬೇಕು. ಕರಗಿಸಲು ಬೇಕಾದುದು ತೀಕ್ಷ್ಣತೆಯಲ್ಲ, ಮೃದುವಾದ ಹುಳಿ ಮತ್ತು ಸಾಕಷ್ಟು ಸಮಯ. ಈ ಪಾಠದ ಸಾರಾಂಶ ಇಷ್ಟೇ.

1. ಕಲೆ ಉಂಟಾಗುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಬಳಕೆಯ ನೀರು ಬಹುಮಟ್ಟಿಗೆ ಕೊಳವೆಬಾವಿಯದು. ಭೂಮಿಯೊಳಗೆ ಶಿಲೆಯ ಸಂದುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಅನುಮತಿಯಿದೆ. ಗಡಸುತನ 500 ಮಿಲಿಗ್ರಾಂ ಇರುವ ನೀರಿನಲ್ಲಿ, 1000 ಲೀಟರಿನ ಒಂದು ತೊಟ್ಟಿಗೆ ಅರ್ಧ ಕಿಲೋ ಸುಣ್ಣಕಲ್ಲಿಗೆ ಸಮನಾದ ಲವಣ ಕರಗಿರುತ್ತದೆ.

ಬೇಸಿನ್‌ನ ಮೇಲೆ ಉಳಿದ ತೆಳುವಾದ ನೀರು ಆರಿದಾಗ ಈ ಲವಣವು ಸುಣ್ಣದ ಪೊರೆಯಾಗಿ ಅಂಟುತ್ತದೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಚಕ್ಕೆಯೂ ಇದೇ ಜಾತಿಯದು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಪೊರೆಯು ಕೆಂಗಂದು ಬಣ್ಣ ತಾಳುತ್ತದೆ. ಮೂತ್ರಾಲಯಗಳಲ್ಲಿ ಮೂತ್ರದ ಲವಣಗಳೂ ಸೇರಿ ದಪ್ಪನೆಯ, ವಾಸನೆಯುಳ್ಳ ಹಳದಿ ಪೊರೆ ಬೆಳೆಯುತ್ತದೆ. ಪೊರೆಯ ಮೈ ಒರಟಾದುದರಿಂದ ಅದರ ಮೇಲೆ ಕೊಳೆಯೂ ರೋಗಾಣುಗಳೂ ಸುಲಭವಾಗಿ ನೆಲೆಸುತ್ತವೆ. ಆದ್ದರಿಂದ ಇದು ಕೇವಲ ನೋಟದ ಪ್ರಶ್ನೆಯಲ್ಲ.

2. ಕಲೆಯನ್ನು ಗುರುತಿಸುವ ಬಗೆ

ಒಣಗಿದ ಕಲೆಯ ಮೇಲೆ ನಿಂಬೆರಸದ ಕೆಲವು ಹನಿಗಳನ್ನು ಹಾಕಿ ನೋಡಬೇಕು. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣದ ಪೊರೆ. ಗುಳ್ಳೆ ಏಳದೆ, ಕಲೆಯು ಲೋಳೆಯಾಗಿ ಜಾರುವಂತಿದ್ದರೆ ಅದು ಪಾಚಿ ಅಥವಾ ಬೂಷ್ಟು. ಅದಕ್ಕೆ ಸಾಬೂನು ಪುಡಿ ಮತ್ತು ಬ್ರಷ್ ಸಾಕು. ಈ ಪರೀಕ್ಷೆಯನ್ನು ಮಾಡದೆ ರಾಸಾಯನಿಕ ಖರೀದಿಸುವುದು ಹಣದ ಅಪವ್ಯಯ.

3. ಪ್ರಚಲಿತ ವಿಧಾನಗಳ ದೋಷಗಳು

ಅ) ಬ್ಲೀಚಿಂಗ್ ಪುಡಿ ಮತ್ತು ಫಿನಾಯಿಲ್ ರೋಗಾಣುನಾಶಕಗಳು. ಅವು ಸುಣ್ಣವನ್ನು ಕರಗಿಸಲಾರವು. ಬ್ಲೀಚಿಂಗ್‌ನಿಂದ ಕಲೆಯ ಬಣ್ಣ ಕೆಲದಿನ ಮಾಸಬಹುದು. ಪೊರೆ ಹಾಗೆಯೇ ಉಳಿಯುತ್ತದೆ.

ಆ) ಕಬ್ಬಿಣದ ನಾರು, ಸಲಾಕೆ, ಇಟ್ಟಿಗೆ ಪುಡಿಗಳಿಂದ ಉಜ್ಜಿದರೆ ಬೇಸಿನ್‌ನ ಹೊಳಪಿನ ಲೇಪ ಗೀರುಬೀಳುತ್ತದೆ. ಗೀರಿದ ಮೈಗೆ ಮುಂದಿನ ಪೊರೆ ಇನ್ನಷ್ಟು ಬಿಗಿಯಾಗಿ ಅಂಟುತ್ತದೆ.

ಇ) ತೀಕ್ಷ್ಣ ಆಸಿಡ್ ಪೊರೆಯನ್ನು ಬೇಗ ಕರಗಿಸುವುದು ನಿಜ. ಆದರೆ ಅದು ಬೇಸಿನ್ ಮತ್ತು ನೆಲ ಕೂಡುವ ಸಿಮೆಂಟ್ ಸಂದನ್ನೂ, ಲೋಹದ ನಲ್ಲಿಯನ್ನೂ ತಿನ್ನುತ್ತದೆ. ಸಂದು ಬಿಟ್ಟರೆ ಕೊಳಕು ನೀರು ತಳಕ್ಕೆ ಇಂಗುತ್ತದೆ. ಹೆಚ್ಚು ಆಸಿಡ್ ಗುಂಡಿ ಸೇರಿದರೆ ಮಲವನ್ನು ಗೊಬ್ಬರವಾಗಿಸುವ ಸೂಕ್ಷ್ಮಾಣುಗಳಿಗೆ ಹಾನಿ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಹಬೆ ಕಣ್ಣು ಮತ್ತು ಶ್ವಾಸಕೋಶಗಳನ್ನು ಸುಡುತ್ತದೆ.

4. ನಿವಾರಣಾ ಕ್ರಮ

ಮನೆಗಳಲ್ಲಿ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ರೂಢಿಯಿದೆ. ಹುಳಿಯು ಲೋಹದ ಕಿಲುಬನ್ನು ಕರಗಿಸುವಂತೆಯೇ ಸುಣ್ಣದ ಪೊರೆಯನ್ನೂ ಕರಗಿಸಬಲ್ಲದು. ಶೌಚಾಲಯಕ್ಕೆ ನಿಂಬೆಉಪ್ಪು ಎಂದು ಕರೆಯುವ ಸಿಟ್ರಿಕ್ ಆಮ್ಲದ ಪುಡಿ ಅನುಕೂಲಕರ. ಇದು ಕಿರಾಣಿ ಅಂಗಡಿಗಳಲ್ಲಿ ದೊರೆಯುತ್ತದೆ. ಇದರಿಂದ ಸುಡುವ ಹಬೆ ಏಳುವುದಿಲ್ಲ. ತೆಳುವಾದ ಕಲೆಗೆ ಬಿಳಿ ವಿನೆಗರ್ ಕೂಡ ಸಾಕಾಗುತ್ತದೆ.

ಶಾಲೆಗಳಲ್ಲಿ ಶನಿವಾರ ತರಗತಿಗಳು ಮುಗಿದ ಬಳಿಕ ಈ ಕೆಲಸ ಆರಂಭಿಸುವುದು ಸೂಕ್ತ.

(1) ಸ್ವಚ್ಛತಾಗಾರರು ರಬ್ಬರ್ ಕೈಗವಸು, ಕಣ್ಣಿನ ರಕ್ಷಕ ಮತ್ತು ಗಂಬೂಟು ಧರಿಸಬೇಕು. ಬಾಗಿಲು, ಗವಾಕ್ಷಿ ತೆರೆದಿರಬೇಕು.

(2) ಮೊದಲು ಬೇಸಿನ್ ಅನ್ನು ಬರಿಯ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಅಂದು ಬ್ಲೀಚಿಂಗ್ ಪುಡಿಯನ್ನಾಗಲಿ ಬೇರೆ ಯಾವುದೇ ದ್ರಾವಣವನ್ನಾಗಲಿ ಬಳಸಿರಬಾರದು.

(3) ಕಲೆಯು ನೀರಿನ ಮಟ್ಟದಲ್ಲಿದ್ದರೆ ನಿಂತ ನೀರನ್ನು ಬ್ರಷ್‌ನಿಂದ ಒಳಕ್ಕೆ ತಳ್ಳಿ ಮಟ್ಟವನ್ನು ತಗ್ಗಿಸಬೇಕು. ನೀರು ಉಳಿದರೆ ದ್ರಾವಣ ತೆಳುವಾಗಿ ಫಲ ಕೊಡದು.

(4) ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ 100 ಗ್ರಾಂ ನಿಂಬೆಉಪ್ಪು ಕರಗಿಸಬೇಕು. ಕುದಿಯುವ ನೀರನ್ನು ಬಳಸಬಾರದು. ಬೇಸಿನ್ ಬಿರುಕು ಬಿಡಬಹುದು.

(5) ಹಳೆಯ ಹತ್ತಿ ಬಟ್ಟೆಯ ಚೂರುಗಳನ್ನು ದ್ರಾವಣದಲ್ಲಿ ಅದ್ದಿ ಕಲೆಯ ಮೇಲೆ ಹೊದಿಸಿ, ಉಳಿದ ದ್ರಾವಣವನ್ನು ಅವುಗಳ ಮೇಲೆ ಸುರಿಯಬೇಕು. ಬೇಸಿನ್‌ನ ಇಳಿಜಾರಿನಲ್ಲಿ ದ್ರಾವಣ ನಿಲ್ಲದೆ ಜಾರಿಹೋಗುವುದರಿಂದ ಈ ಬಟ್ಟೆಯ ಹೊದಿಕೆ ಅತ್ಯಗತ್ಯ.

(6) ಬಾಗಿಲಿಗೆ ಬೀಗ ಹಾಕಿ, ಬಳಸಬಾರದೆಂಬ ಸೂಚನೆ ಅಂಟಿಸಿ, ಒಂದು ರಾತ್ರಿ ಬಿಡಬೇಕು.

(7) ಮರುದಿನ ಬಟ್ಟೆಗಳನ್ನು ತೆಗೆದು, ನೈಲಾನ್ ಬ್ರಷ್‌ನಿಂದ ಉಜ್ಜಿ, ಮೆತ್ತಗಾದ ಪೊರೆಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಎರಡು ಬಕೆಟ್ ನೀರು ಹಾಕಬೇಕು. ಬಟ್ಟೆಗಳನ್ನು ಬೇಸಿನ್‌ಗೆ ಹಾಕದೆ ಪ್ರತ್ಯೇಕವಾಗಿ ವಿಲೇವಾರಿ ಮಾಡಬೇಕು.

ಹಲವು ವರ್ಷಗಳ ದಪ್ಪ ಪೊರೆ ಒಂದೇ ಸಲಕ್ಕೆ ಹೋಗದು. ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿ ಇದೇ ಕ್ರಮವನ್ನು ಅನುಸರಿಸಬೇಕು. ಅವಸರದಿಂದ ಆಸಿಡ್‌ನತ್ತ ಮರಳಬಾರದು.

5. ಎಂದಿಗೂ ಬೆರೆಸಬಾರದು

ಬ್ಲೀಚಿಂಗ್ ಪುಡಿಯೊಂದಿಗೆ ಯಾವುದೇ ಹುಳಿ ಪದಾರ್ಥ ಸೇರಿದರೂ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಆಸಿಡ್, ಅಂಗಡಿಯ ಶೌಚಾಲಯ ದ್ರಾವಣ, ವಿನೆಗರ್, ನಿಂಬೆಉಪ್ಪು ಇವೆಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಕ್ಲೋರಿನ್ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಇಕ್ಕಟ್ಟಾದ ಶೌಚಾಲಯದಲ್ಲಿ ಕುಳಿತು ಉಜ್ಜುವವರ ಮುಖ ಇರುವುದೂ ಅದೇ ಮಟ್ಟದಲ್ಲಿ. ಬಟ್ಟೆಯ ಮುಖಗವಸು ಅನಿಲವನ್ನು ತಡೆಯಲಾರದು. ಆದುದರಿಂದ ಕಲೆ ತೆಗೆಯುವ ದಿನವೇ ಬೇರೆ, ಬ್ಲೀಚಿಂಗ್ ಪುಡಿ ಹಾಕುವ ದಿನವೇ ಬೇರೆ ಎಂದು ನಿಗದಿಪಡಿಸಬೇಕು. ಎರಡರ ನಡುವೆ ಧಾರಾಳವಾಗಿ ನೀರು ಹಾಕಬೇಕು.

ಕಟುವಾದ ವಾಸನೆ, ಕೆಮ್ಮು, ಕಣ್ಣುರಿ ಕಂಡೊಡನೆ ಕೆಲಸ ಬಿಟ್ಟು ಬಯಲಿಗೆ ಬರಬೇಕು. ಆಸಿಡ್ ಕಣ್ಣಿಗೆ ಅಥವಾ ಮೈಗೆ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

6. ಕಲೆ ಮರುಕಳಿಸದಂತೆ

ಸದಾ ತೊಟ್ಟಿಕ್ಕುವ ನಲ್ಲಿಯೇ ಕಲೆಯ ತವರು. ನಲ್ಲಿಯ ವಾಷರ್ ಬದಲಿಸಿದರೆ ನೀರೂ ಉಳಿಯುತ್ತದೆ, ಕಲೆಯೂ ತಗ್ಗುತ್ತದೆ. ವಾರಕ್ಕೊಮ್ಮೆ ನಿಂಬೆಉಪ್ಪಿನ ತೆಳು ದ್ರಾವಣ ಹಾಕಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಪೊರೆ ಬಲಿಯದು. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಸುವರ್ಣ ಜಲ ಯೋಜನೆಯಡಿ ಗ್ರಾಮೀಣ ಶಾಲೆಗಳಲ್ಲಿ ನಿರ್ಮಿಸಿದ ಮಳೆನೀರಿನ ತೊಟ್ಟಿಗಳು ಪಾಳುಬಿದ್ದಿದ್ದರೆ ದುರಸ್ತಿಪಡಿಸಿ, ಆ ನೀರನ್ನು ಶೌಚಾಲಯಕ್ಕೆ ಒದಗಿಸುವುದನ್ನು ಪರಿಶೀಲಿಸಬಹುದು.

7. ಪಂಚಾಯಿತಿಯ ಹೊಣೆ

ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಕ್ಕೆ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆಯಿದೆ. ಅವರ ಮೂಲಕ ಪ್ರತಿ ಶಾಲೆ ಮತ್ತು ಸಮುದಾಯ ಶೌಚಾಲಯದ ನೀರಿನ ಗಡಸುತನವನ್ನು ದಾಖಲಿಸಿಕೊಳ್ಳಬೇಕು. ಗಡಸುತನ ಹೆಚ್ಚಿರುವ ಕಡೆ ಕಲೆ ಕಂಡರೆ ಅದನ್ನು ಸ್ವಚ್ಛತಾಗಾರರ ಅಲಕ್ಷ್ಯವೆಂದು ಬಗೆಯುವುದು ನ್ಯಾಯವಲ್ಲ. ಸರಿಯಾದ ಸಾಮಗ್ರಿ ಒದಗಿಸುವುದು ನಮ್ಮ ಕರ್ತವ್ಯ.

ಆಸಿಡ್‌ನ ಚಿಲ್ಲರೆ ಮಾರಾಟಕ್ಕೆ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನಿರ್ಬಂಧ ವಿಧಿಸಿದೆ. ಖರೀದಿದಾರರ ವಿವರವನ್ನು ಮಾರಾಟಗಾರರು ದಾಖಲಿಸಬೇಕು. 18 ವರ್ಷದೊಳಗಿನವರಿಗೆ ಮಾರಬಾರದು. ಆಸಿಡ್ ದಾಸ್ತಾನು ಇಡುವ ಸರ್ಕಾರಿ ಇಲಾಖೆ ಹಾಗೂ ಶಿಕ್ಷಣ ಸಂಸ್ಥೆಗಳು ಬಳಕೆಯ ವಹಿ ಇಡಬೇಕು. ಶಾಲೆಯ ಮೂಲೆಯಲ್ಲಿ ಲೇಬಲ್ ಇಲ್ಲದ ಆಸಿಡ್ ಸೀಸೆ ಕಂಡರೆ ಮುಖ್ಯ ಶಿಕ್ಷಕರ ಗಮನಕ್ಕೆ ತರಬೇಕು. ಶೌಚಾಲಯ ತೊಳೆಯುವ ಕೆಲಸವನ್ನು ಯಾವ ಕಾರಣಕ್ಕೂ ಮಕ್ಕಳಿಂದ ಮಾಡಿಸಬಾರದು.

8. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಒಂದು ಸಾರ್ವಜನಿಕ ಶೌಚಾಲಯವನ್ನಾದರೂ ನೋಡಿ ಬಂದು, ಕೆಳಗಿನ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿಕೊಳ್ಳಬೇಕು.

• ಅಲ್ಲಿನ ಕಲೆ ಸುಣ್ಣದ್ದೋ, ಪಾಚಿಯದ್ದೋ? ನಿಂಬೆರಸದ ಪರೀಕ್ಷೆಯಲ್ಲಿ ಕಂಡುದೇನು?
• ತೊಟ್ಟಿಕ್ಕುವ ನಲ್ಲಿಗಳು ಎಷ್ಟು? ದುರಸ್ತಿ ಯಾರ ಹೊಣೆ, ಎಂದಿನೊಳಗೆ?
• ಸ್ವಚ್ಛತಾಗಾರರಿಗೆ ಕೈಗವಸು, ಕಣ್ಣಿನ ರಕ್ಷಕ, ಗಂಬೂಟು ದೊರೆತಿವೆಯೇ? ಬೆರೆಸಬಾರದ ಪದಾರ್ಥಗಳ ತಿಳಿವಳಿಕೆ ಅವರಿಗೆ ನೀಡಲಾಗಿದೆಯೇ?
• ಕಲೆಯ ಕಾರಣದಿಂದ ಬೀಗ ಬಿದ್ದಿರುವ ಶೌಚಾಲಯಗಳಿವೆಯೇ? ಅವನ್ನು ಮತ್ತೆ ಬಳಕೆಗೆ ತರಲು ಎಷ್ಟು ನಿಂಬೆಉಪ್ಪು, ಎಷ್ಟು ವಾರಗಳು ಬೇಕು?

ಕೊನೆಯ ಪ್ರಶ್ನೆಗೆ ದೊರೆಯುವ ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಸಾಮಗ್ರಿ ಖರೀದಿಗೆ ಕ್ರಮ ವಹಿಸಲು ಕೋರಿದೆ.