ವಿದೇಶದಿಂದ ಬಂಪರ್ ತರಿಸುವ ಮುನ್ನ

ನಿಮ್ಮ ಹಳೆಯ ಜಪಾನಿ ಕಾರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಬಂಪರ್ ಸಿಗದಿದ್ದರೆ ಕೈಚೆಲ್ಲಬೇಡಿ, ಹೊರದೇಶದಿಂದ ತರಿಸಬಹುದು. ಆದರೆ ಬರೀ ಫೋಟೊ ನೋಡಿ ದುಡ್ಡು ಕಟ್ಟಬೇಡಿ.

ಮೊದಲು ಆರ್‌ಸಿಯಲ್ಲಿರುವ ಷಾಸಿ ನಂಬರ್ ಕೊಟ್ಟು ಸರಿಯಾದ ಪಾರ್ಟ್ ನಂಬರ್ ತೆಗೆಸಿ. ಟೊಯೊಟಾದಲ್ಲಿ ಮೊದಲ ಐದು ಅಂಕಿಗಳೇ ಭಾಗ ಯಾವುದೆಂದು ಹೇಳುತ್ತವೆ: 52119 ಎಂದರೆ ಮುಂದಿನ ಬಂಪರ್ ಕವರ್. ಉಳಿದ ಅಂಕಿ-ಅಕ್ಷರಗಳನ್ನೂ ತಾಳೆ ನೋಡಿ. ಕಾರಿನ ಹೆಸರು ಒಂದೇ ಆದರೂ ಫೇಸ್‌ಲಿಫ್ಟ್ ಆದಮೇಲೆ ಬಂಪರ್, ಗ್ರಿಲ್ ಬದಲಾಗಿರುತ್ತವೆ.

ಹೆಡ್‌ಲೈಟ್ ವಿಷಯದಲ್ಲಂತೂ ರಾಜಿ ಬೇಡ. ಜಪಾನ್, ಥಾಯ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ. ಬಲಬದಿಯಲ್ಲಿ ಓಡಿಸುವ ಅಮೆರಿಕದ ಲೈಟ್ ಹಾಕಿಸಿದರೆ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಬೆಲೆ ಕೇಳುವಾಗ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎಲ್ಲ ಸೇರಿಸಿಯೇ ಕೇಳಿ. ಬಾನೆಟ್, ಬಂಪರ್ ಹಗುರವಾದರೂ ಜಾಗ ತಿನ್ನುವುದರಿಂದ ಸಾಗಣೆ ದುಬಾರಿ.

ಸಾಮಾನು ಬಂದಮೇಲೆ ಬಣ್ಣ ಹೊಡೆಸುವ ಮೊದಲೇ ಗ್ಯಾರೇಜಿನಲ್ಲಿ ಕೂರಿಸಿ ನೋಡಿ. ಬಾನೆಟ್–ಫೆಂಡರ್ ನಡುವಿನ ಸಂದು ಎರಡೂ ಬದಿಗೆ ಸಮನಾಗಿರಲಿ, ಕ್ಲಿಪ್‌ಗಳೆಲ್ಲ ಸಲೀಸಾಗಿ ಕೂರಲಿ. ಬಣ್ಣ ಬಿದ್ದ ಸಾಮಾನನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.